ಎಪ್ಸಿಲಾನ್ ಎಷ್ಟು ಮೇಡಂ?

ನಾನು ಮೊದಲ ಸಲ ಡಿಗ್ರಿ ಕ್ಲಾಸಿಗೆ ಹೋದದ್ದು ಒಂದು ಜುಲೈ ತಿಂಗಳಲ್ಲಿ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್ಸಿ. ಗಣಿತ ಮುಗಿಸಿ ಎರಡು ತಿಂಗಳೂ ಆಗಿರಲಿಲ್ಲ. ಕ್ಲಾಸಿಗೆ ಶೀಟಿನ ಮಾಡು, ಮೇಲೆ ಮಂಗಳೂರಿನ ಮಳೆ. ನನ್ನ ಸ್ವರ ನನಗೇ ಕೇಳುತ್ತಿರಲಿಲ್ಲ. ಲಿಮಿಟ್‌ನ ಡೆಫಿನಿಷನ್ ಬರೆದೆ: ಎಕ್ಸ್ ಒಂದು ಸಂಖ್ಯೆಯ ಹತ್ತಿರ ಬಂದಾಗ ಫಂಕ್ಷನ್ ಯಾವ ಬೆಲೆಯ ಹತ್ತಿರ ಬರುತ್ತದೋ ಅದು ಲಿಮಿಟ್. ಅದರಲ್ಲಿ ಎಪ್ಸಿಲಾನ್ ಎಂಬ ಗ್ರೀಕ್ ಅಕ್ಷರ ಆ ಬೆಲೆಯಿಂದ ಇರುವ ಸಣ್ಣ ದೂರಕ್ಕೆ ನಿಲ್ಲುತ್ತದೆ. ಲಿಮಿಟ್ ಇದ್ದರೆ ಒಂದೇ ಇರುತ್ತದೆ ಎನ್ನುವ ಪ್ರೂಫ್ ಬರೆದೆ. ಬೋರ್ಡ್ ಎರಡು ಸಲ ತುಂಬಿತು, ಒಂದು ತಪ್ಪೂ ಇರಲಿಲ್ಲ. "ಅರ್ಥ ಆಯ್ತಾ?" ಎಂದೆ. "ಆಯ್ತು ಮೇಡಂ" ಎಂದರು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ. "ಎಪ್ಸಿಲಾನ್ ಅಂದ್ರೆ ಎಷ್ಟು ಮೇಡಂ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಜೆ ಸ್ಟೇಟ್‌ಬ್ಯಾಂಕ್ ಬಸ್ಸಿನಲ್ಲಿ ಕೂತಾಗ ಹೊಳೆಯಿತು: ಆ ದಿನ ಕ್ಲಾಸಿನಲ್ಲಿ ನಿಜವಾಗಿ ಯೋಚನೆ ಮಾಡಿದ್ದು ಅವನೊಬ್ಬನೇ.

ಸರಕಾರಿ ಪಿಯು ಕಾಲೇಜಿಗೆ ಉಪನ್ಯಾಸಕರಾಗಲು ಬಿ.ಎಡ್. ಬೇಕು. ಡಿಗ್ರಿ ಕಾಲೇಜಿಗೆ ಬೇಡ. ಎಂ.ಎಸ್ಸಿ.ಯಲ್ಲಿ ಸಾಕಷ್ಟು ಅಂಕ, ಮೇಲೆ ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ, ಇಲ್ಲವೇ ಪಿಎಚ್.ಡಿ. ಇದ್ದರೆ ಆಯಿತು. ನೆಟ್‌ನಲ್ಲಿ ಟೋಪೋಲಜಿ ಬರುತ್ತದೆ, ರಿಯಲ್ ಅನಾಲಿಸಿಸ್ ಬರುತ್ತದೆ. ಹದಿನೆಂಟರ ಹುಡುಗಿ ಎಲ್ಲಿ ಎಡವುತ್ತಾಳೆ ಅನ್ನುವ ಪ್ರಶ್ನೆ ಬರುವುದಿಲ್ಲ. ಅಮೆರಿಕದ ಗಣಿತ ಸಂಘ (ಎಂಎಎ) 1994ರಲ್ಲೇ ಹೊಸ ಪಿಎಚ್.ಡಿ.ಗಳಿಗೆ ಪಾಠ ಮಾಡುವುದನ್ನೂ ಕಲಿಸಲು ಪ್ರಾಜೆಕ್ಟ್ ನೆಕ್ಸ್ಟ್ ಎಂಬ ಕಾರ್ಯಕ್ರಮ ಶುರು ಮಾಡಿತು. ನಮ್ಮಲ್ಲಿ ಅತಿಥಿ ಉಪನ್ಯಾಸಕರಿಗೆ ಸೋಮವಾರ ಟೈಂಟೇಬಲ್ ಕೊಟ್ಟರೆ ಮಂಗಳವಾರ ಕ್ಲಾಸು!

ಹಾಗಾಗಿ ಕೆಲವು ವರ್ಷಗಳ ಹಿಂದೆ ನಾನೇ ಒಂದು ಸಣ್ಣ ಪ್ರಯೋಗ ಶುರು ಮಾಡಿದೆ. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಎಂ.ಎಸ್ಸಿ. ಕೊನೆಯ ವರ್ಷದವರು, ಹೊಸದಾಗಿ ಸೇರಿದ ಅತಿಥಿ ಉಪನ್ಯಾಸಕರು ಬರಬಹುದು. ಗೋಳಿಬಜೆ, ಚಹಾ ನನ್ನ ಲೆಕ್ಕದಲ್ಲಿ. ಮೊದಲ ಶನಿವಾರ ಬಂದದ್ದು ನಾಲ್ಕು ಜನ.

ಅವರಿಗೆ ಪಾಠ ಮಾಡಲು ಹೇಳಲಿಲ್ಲ. ಹೆಸರು ಮುಚ್ಚಿದ ಹಳೆಯ ಇಂಟರ್ನಲ್ ಪೇಪರುಗಳನ್ನು ಮುಂದಿಟ್ಟೆ. "ಅಂಕ ಹಾಕಬೇಡಿ. ಈ ತಪ್ಪು ಮಾಡಿದವರ ತಲೆಯಲ್ಲಿ ಎಂತ ಓಡ್ತಿತ್ತು, ಅದನ್ನು ಬರೆಯಿರಿ" ಎಂದೆ. ಒಂದು ಪೇಪರಿನಲ್ಲಿ ಸೈನ್ ಇನ್ವರ್ಸ್ ಎಕ್ಸ್ (ಸೈನ್‌ನ ವಿಲೋಮ, ಸೈನ್ ಮೇಲೆ ಮೈನಸ್ ಒಂದು ಹಾಕಿ ಬರೆಯುತ್ತೇವೆ) ಅನ್ನು ಒಂದರ ಕೆಳಗೆ ಸೈನ್ ಎಕ್ಸ್ ಎಂದು ಬರೆದಿತ್ತು. "ಬೇಸಿಕ್ಸ್ ಇಲ್ಲ ಮೇಡಂ" ಎಂದು ಒಬ್ಬಳು ತಳ್ಳಿಹಾಕಿದಳು. ಇನ್ನೊಬ್ಬ ಸ್ವಲ್ಪ ಹೊತ್ತು ನೋಡಿ ಹೇಳಿದ, "ಸೈನ್ ಮೇಲೆ ಎರಡು ಬರೆದರೆ ಅದು ವರ್ಗ. ಹಾಗಾದ್ರೆ ಮೈನಸ್ ಒಂದು ಬರೆದರೆ ಭಾಗಾಕಾರ ಅಲ್ವಾ? ತಪ್ಪು ನಾವು ಬರೆಯುವ ರೀತಿಯದ್ದು." ಆ ಕ್ಷಣಕ್ಕಾಗಿಯೇ ನಾನು ಕಾಯುತ್ತಿದ್ದೆ. ಒಂದರ ಕೆಳಗೆ ಎಕ್ಸ್‌ನ ಇಂಟೆಗ್ರಲ್ ಲಾಗ್ ಎಕ್ಸ್ ಎಂದು ಕಲಿತು, ಒಂದರ ಕೆಳಗೆ ಎಕ್ಸ್ ವರ್ಗದ ಇಂಟೆಗ್ರಲ್‌ಗೆ ಲಾಗ್ ಎಕ್ಸ್ ವರ್ಗ ಎಂದು ಬರೆಯುವುದೂ ಇದೇ ಜಾತಿಯ ತಪ್ಪು. ಒಂದು ಕಡೆ ಕಲಿತ ನಿಯಮವನ್ನು ಮಕ್ಕಳು ಪ್ರಾಮಾಣಿಕವಾಗಿ ಇನ್ನೊಂದು ಕಡೆಗೂ ಒಯ್ಯುತ್ತಾರೆ. ಇಂಥ ಪೇಪರು ನೋಡುವುದರಲ್ಲೇ ಮೂರು ಶನಿವಾರ ಹೋದವು. ನನ್ನ ಮಟ್ಟಿಗೆ ಇಡೀ ತರಬೇತಿಯಲ್ಲಿ ಬೆಲೆ ಜಾಸ್ತಿ ಇದಕ್ಕೇ.

ಆಮೇಲೆ ಹತ್ತು ನಿಮಿಷದ ಪಾಠ. ಕೇಳುವವರು ಪ್ರಥಮ ಬಿ.ಎಸ್ಸಿ.ಯ ನಿಜವಾದ ಮಕ್ಕಳು, ಮೂರು ನಾಲ್ಕು ಜನ. ಎಂ.ಎಸ್ಸಿ.ಯವರೇ ಎದುರಿಗೆ ಕೂತು ಗೊತ್ತಿಲ್ಲದ ಹಾಗೆ ನಟಿಸಿದರೆ ಸುಮ್ನೆ ನಾಟಕ ಆಗುತ್ತದೆ. ಎಪ್ಸಿಲಾನ್ ಪಾಠ ಒಬ್ಬ ಹುಡುಗಿಗೆ ಬಂತು. ಅವಳು ಡೆಫಿನಿಷನ್ ಬರೆಯಲೇ ಇಲ್ಲ. ಬೋರ್ಡಿನಲ್ಲಿ ಮೂರು ಎಕ್ಸ್ ಪ್ಲಸ್ ಒಂದು ಎಂದು ಬರೆದಳು. ಎಕ್ಸ್ ಎರಡರ ಹತ್ತಿರ ಬಂದರೆ ಇದು ಏಳರ ಹತ್ತಿರ ಬರುತ್ತದೆ. "ಏಳರಿಂದ ಎಷ್ಟು ದೂರ ಹೋಗಬಹುದು, ನೀವು ಹೇಳಿ. ಎರಡರ ಎಷ್ಟು ಹತ್ತಿರ ನಿಲ್ಲಬೇಕು, ನಾನು ಹೇಳ್ತೇನೆ." ಮಕ್ಕಳು 0.3 ಎಂದರು, ಇವಳು 0.1 ಎಂದಳು. 0.03 ಎಂದರು, 0.01 ಎಂದಳು. ನಾಲ್ಕನೇ ಸಲಕ್ಕೆ ಒಬ್ಬ ಹುಡುಗ, "ಅಕ್ಕ, ನೀವು ಮೂರರಿಂದ ಭಾಗಿಸೋದು ಅಷ್ಟೇ ಅಲ್ವಾ?" ಎಂದ. ಎರಡರ ಎಷ್ಟು ಹತ್ತಿರ ನಿಲ್ಲಬೇಕು ಎನ್ನುವ ಅಳತೆ, ಅಂದರೆ ಡೆಲ್ಟಾ, ಬಂದುಬಿಟ್ಟಿತು. ಎಪ್ಸಿಲಾನ್ ಎಷ್ಟು? ಎದುರಿನವರು ಕೊಟ್ಟಷ್ಟು. ನನ್ನ ಹಳೆಯ ಹುಡುಗನಿಗೆ ಈ ಉತ್ತರ ಬಹಳ ತಡವಾಗಿ ಸಿಕ್ಕಿತು. ನ್ಯೂಟನ್ ಕ್ಯಾಲ್ಕುಲಸ್ ಶುರು ಮಾಡಿದ್ದು 1660ರ ದಶಕದಲ್ಲಿ. ಫ್ರಾನ್ಸಿನ ಗಣಿತಜ್ಞ ಕೋಶಿ 1820ರ ದಶಕದಲ್ಲಿ ಎಪ್ಸಿಲಾನ್ ತಂದ, ಜರ್ಮನಿಯ ವೈಯರ್‌ಸ್ಟ್ರಾಸ್ ಅದನ್ನು ಗಟ್ಟಿ ಮಾಡಿದ್ದು ಇನ್ನೂ ಆಮೇಲೆ. ಅವರಿಗೇ ಇನ್ನೂರು ವರ್ಷ ಹಿಡಿದದ್ದನ್ನು ನಾವು ಒಂದು ಪೀರಿಯಡ್‌ನಲ್ಲಿ ಮುಗಿಸುತ್ತೇವೆ.

ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅವರಿಗೇ ಕೇಳಿಸಿದೆ. ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾದರು ಎಂದು ಎಣಿಸಬೇಕು. ಹೆಚ್ಚಿನವರದ್ದು ಒಂದು ಸೆಕೆಂಡು. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ ಅಮೆರಿಕದ ಶಾಲೆಗಳಲ್ಲಿ ಕಂಡದ್ದೂ ಹೆಚ್ಚುಕಡಿಮೆ ಇಷ್ಟೇ. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದೂ ಅವರು ತೋರಿಸಿದ್ದರು. ಮೂರು ಸೆಕೆಂಡು ಬಾಯಿ ಮುಚ್ಚಿ ನಿಲ್ಲುವುದು ಎಷ್ಟು ಕಷ್ಟ ಅಂತ ನಿಂತೇ ನೋಡಬೇಕು ಮಾರ್ರೆ. ಒಂದು ರೆಕಾರ್ಡಿಂಗಿನಲ್ಲಿ "ಆಯ್ತು ಸರ್" ಎಂಬ ಕೋರಸ್ ಆದ ಕೂಡಲೇ ಮೆಲ್ಲಗೆ "ದಾಲ ಗೊತ್ತಾಪುಜಿ" ಎಂದು ತುಳುವಿನಲ್ಲಿ ಕೇಳಿಸಿತು, ಏನೂ ಗೊತ್ತಾಗ್ತಿಲ್ಲ ಎಂದು. ಅಂದಿನಿಂದ ನಮ್ಮಲ್ಲಿ "ಅರ್ಥ ಆಯ್ತಾ?" ಎಂದು ಕೇಳುವಂತಿಲ್ಲ. "ಮುಂದಿನ ಸಾಲು ಎಂತ ಬರೀಲಿ?" ಎಂದು ಕೇಳಬೇಕು.

ನನ್ನ ಒಂದು ತಪ್ಪನ್ನೂ ಹೇಳಬೇಕು. ತುಂಬ ಜಾಣ ಹುಡುಗನೊಬ್ಬ ಹತ್ತು ನಿಮಿಷವೂ ಮಕ್ಕಳಿಗೆ ಬೆನ್ನು ಹಾಕಿ ಬೋರ್ಡಿನ ಜೊತೆ ಮಾತಾಡಿದ. ನನಗೆ ತಡೆಯಲಾಗಲಿಲ್ಲ. ಮಕ್ಕಳ ಎದುರೇ ನಿಲ್ಲಿಸಿ, "ತಿರುಗಿ ನಿಲ್ಲು ಮಾರಾಯ" ಎಂದೆ. ಅವನು ಎರಡು ಶನಿವಾರ ಬರಲಿಲ್ಲ. ಮತ್ತೆ ನಾನೇ ಫೋನ್ ಮಾಡಿ ಕರೆದೆ. ಮಕ್ಕಳನ್ನು ಕಳಿಸಿದ ಮೇಲೆಯೇ ಮಾತು, ಅದರಲ್ಲೂ ಮೊದಲು ಪಾಠ ಮಾಡಿದವರೇ ಹೇಳಬೇಕು ಎಂಬ ನಿಯಮ ಹುಟ್ಟಿದ್ದು ಹಾಗೆ. ಅವರು ತಮ್ಮ ಬಗ್ಗೆ ಹೇಳಿಕೊಳ್ಳುವುದು ನನ್ನ ಟೀಕೆಗಿಂತ ಖಾರವಾಗಿಯೇ ಇರುತ್ತದೆ.

ನಾಲ್ಕು ಮಕ್ಕಳ ಎದುರು ಚೆನ್ನಾಗಿ ಮಾಡಿದವರು ಎಪ್ಪತ್ತು ಜನರ ಬಿಸಿಎ ಕ್ಲಾಸಿನಲ್ಲಿ ಹಳೆಯ ದಾರಿಗೇ ಜಾರುತ್ತಾರೆ. ಸಿಲಬಸ್ ಮುಗಿಸುವ ಗಡಿಬಿಡಿಯಲ್ಲಿ ನಾನೂ ಜಾರುತ್ತೇನೆ. ಇದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಈಗ ಪ್ರಶ್ನೆಪತ್ರಿಕೆ ತೆಗೆಯುವುದನ್ನು ಶುರು ಮಾಡಿದ್ದೇವೆ. ಬಾಯಿಪಾಠದಿಂದ ಉತ್ತರಿಸಲಾಗದ, ಆದರೆ ಹೇಗೋ ಪಾಸಾಗುವ ಮಕ್ಕಳಿಗೂ ಕೈ ಹಾಕಲು ಆಗುವ ಒಂದು ಲಿಮಿಟ್ ಪ್ರಶ್ನೆ ತನ್ನಿ ಎಂದಿದ್ದೆ. ಕಳೆದ ಶನಿವಾರ ಏಳು ಪ್ರಶ್ನೆ ಬಂದವು. ಐದು ಗೈಡಿನಲ್ಲೇ ಇದ್ದವು.