ಹನ್ನೊಂದು ಸೀರೆ, ನಾಲ್ಕು ಬ್ಲೌಸು

"ಮತ್ತೆ ಅದೇ ಸೀರೇನಾ ಮೇಡಂ?" ಅಂತ ಸ್ಟಾಫ್ ರೂಮಿನಲ್ಲಿ ಎರಡು ವರ್ಷ ಕೇಳಿಸಿಕೊಂಡಿದ್ದೀನಿ. ಈಗ ಅದೇ ಬಾಯಿಗಳು "ಆ ನೀಲಿ ಕಾಟನ್ ಎಲ್ಲಿ ಸಿಕ್ತು?" ಅಂತಿವೆ. ಅದಕ್ಕೇ ಬರೀತಿದ್ದೀನಿ.

ದಾವಣಗೆರೆಯಿಂದ ಹರಿಹರಕ್ಕೆ ದಿನಾ ಬಸ್ಸು. ಬೀರುವಿನಲ್ಲಿ ಅರವತ್ತರ ಮೇಲೆ ಸೀರೆ, ಅರ್ಧಕ್ಕರ್ಧ ಮುಯ್ಯಿ ಬಂದದ್ದು; ಬೆಳಿಗ್ಗೆ ಬಾಗಿಲು ತೆಗೆದರೆ ಉಡೋಕೆ ಒಂದೂ ಇಲ್ಲ. ಬಾಗಿಲ ಒಳಗೆ ಕ್ಯಾಲೆಂಡರ್ ಅಂಟಿಸಿ, ಉಟ್ಟ ದಿನ ಗುರುತು ಹಾಕುತ್ತಾ ಬಂದೆ. ವರ್ಷ ಕಳೆದ ಮೇಲೆ ನೋಡಿದರೆ ಹದಿಮೂರೋ ಹದಿನಾಲ್ಕೋ ಸೀರೆಯೇ ತಿರುಗಿ ತಿರುಗಿ ಬಂದಿವೆ. ಸುಮಾರು 4,000 ಕೊಟ್ಟ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಎರಡೇ ಸಲ, ಅಂದರೆ ಸಲಕ್ಕೆ 2,000. 650ರ ಕಾಟನ್ ನಲವತ್ತು ಸಲ, ಸಲಕ್ಕೆ 16 ರೂಪಾಯಿ. ಈ ಲೆಕ್ಕ ಮನೆಯವರಿಗೆ ತೋರಿಸಿಲ್ಲ.

ಹುಮ್ಮಸ್ಸಿನಲ್ಲಿ ಒಂದೇ ಸಲ ಆರು ಕೈಮಗ್ಗದ ಸೀರೆ ತಂದೆ. ಏಳು ಸಾವಿರ ಚಿಲ್ಲರೆ. ಗಂಜಿ ದಪ್ಪ ಆಯ್ತು. ಹರಿಹರದಲ್ಲಿ ಇಳಿಯುವಾಗ ಮಂಡಕ್ಕಿ ಕಟ್ಟಿ ಬಿಚ್ಚಿದ ಪೇಪರಿನ ಹಾಗಿದ್ದೆ. ಕೆಂಪು ಒಂದು ಬಣ್ಣ ಬಿಟ್ಟು ಎರಡು ಬಿಳಿ ಸೀರೆಗಳನ್ನೂ ಕೆಡಿಸಿತು. ಸಿಟ್ಟಿನಲ್ಲಿ ಸಿಂಥೆಟಿಕ್ಕಿಗೆ ಹೋದೆ. ಇಸ್ತ್ರಿ ಬೇಡ ನಿಜ, ಏಪ್ರಿಲ್ ಬಿಸಿಲಿಗೆ ಮೈಗೆ ಅಂಟಿಕೊಂಡು ಜೀವ ತಿಂತು. ಕಪ್ಪು ಸೀರೆ ಮೇಲೆ ಸೀಮೆಸುಣ್ಣದ ಪುಡಿ ಬೇರೆ.

ಆಮೇಲೆ ಮೂರೇ ಪ್ರಶ್ನೆ ಇಟ್ಟುಕೊಂಡೆ: ಬಸ್ಸು, ಬಿಸಿಲು, ಬೋರ್ಡು. ಮೂರಕ್ಕೂ ತಾಳದ್ದನ್ನು ಎಷ್ಟೇ ಚೆಂದ ಇದ್ದರೂ ಕೊಳ್ಳಲ್ಲ. ಅಂಗಡಿಯಲ್ಲಿ ಸೆರಗಿನ ತುದಿ ಮುಷ್ಟಿಯಲ್ಲಿ ಹಿಂಡಿ ಇಪ್ಪತ್ತು ಎಣಿಸಿ, ಎಷ್ಟು ಸುಕ್ಕು ಬಿತ್ತು ಅಂತ ನೋಡ್ತೀನಿ. ಅನುಮಾನ ಬಂದರೆ ಒಂದು ಎಳೆ ಕೇಳಿ ತಂದು ಕಡ್ಡಿ ಗೀರೋದು: ಬೂದಿಯಾದರೆ ಹತ್ತಿ, ಗಟ್ಟಿ ಮಣಿಯಾದರೆ ಪಾಲಿಯೆಸ್ಟರು. ಹತ್ತಿ ಮಿಲ್ಲುಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಲ್ಲಿ "ಪ್ಯೂರ್ ಕಾಟನ್ ಅಕ್ಕ" ಅನ್ನೋ ಮಾತಿಗೆ ಬೆಂಕಿಕಡ್ಡಿ ಸಾಕ್ಷಿ ಬೇಕಾಗಿದೆ!

ನಿಜವಾದ ದುಡ್ಡು ಉಳಿದದ್ದು ಬ್ಲೌಸಿನಲ್ಲಿ. ಸೀರೆಗೊಂದು ಬ್ಲೌಸು, ಲೈನಿಂಗು, ಹೊಲಿಗೆ ಅಂತ ಪ್ರತಿ ಸಲ ನಾನೂರು ಐನೂರು ಹೋಗ್ತಿತ್ತು. ಈಗ ದಿನಾ ಉಡೋದು ಹನ್ನೊಂದೇ ಸೀರೆ, ಎಲ್ಲಕ್ಕೂ ಬ್ಲೌಸು ನಾಲ್ಕೇ: ಕಪ್ಪು, ಸಾಸಿವೆ, ಇನ್ನೆರಡು ಗುಳೇದಗುಡ್ಡದ ಖಣ. ಟೈಲರಮ್ಮ "ಮ್ಯಾಚಿಂಗ್ ಇಲ್ದೆ ಹೆಂಗ್ರೀ?" ಅಂತ ನಕ್ಕಿದ್ದರು. ಈಚೆಗೆ ಅವರೂ ಖಣದ್ದೇ ತೊಡ್ತಾರೆ. ತುಂಡು ಬಟ್ಟೆ ಮಂಡಿಪೇಟೆ ಕಡೆ ಒಂದು ಅಂಗಡಿಯಲ್ಲಿ ತಗೋತೀನಿ. ಯಾವುದು, ಯಾವ ವಾರ ಅಂತ ಕೇಳಬೇಡಿ, ರಶ್ ಆಗುತ್ತೆ. ಗಂಜಿ ಈಗ ಸಬ್ಬಕ್ಕಿದು, ತೆಳ್ಳಗೆ. ಅದಕ್ಕೆ ನಮ್ಮಜ್ಜಿ ಹೇಳಿಕೊಟ್ಟದ್ದು ಇನ್ನೊಂದು ಬೀಳುತ್ತೆ, ಅದು ಮನೆಯಲ್ಲೇ ಇರಲಿ.

ನಡುವೆ ಒಂದು ಹುಚ್ಚು. ಮಾಸಿದ ಬಿಳಿ ಸೀರೆಗೆ ದಾಳಿಂಬೆ ಸಿಪ್ಪೆ, ಪಟಿಕ ಹಾಕಿ ಹಳದಿ ಬಣ್ಣ ಕಟ್ಟೋಕೆ ಹೋದೆ. ಹಳೇ ಕಬ್ಬಿಣದ ಬಾಣಲೆಯಲ್ಲಿ ಕುದಿಸಿದ್ದೇ ತಪ್ಪು. ಕಬ್ಬಿಣ ತಾಗಿ ಬೂದಿ ಬಣ್ಣಕ್ಕೆ ತಿರುಗಿತು, ಅದೂ ಮಚ್ಚೆ ಮಚ್ಚೆ. ಈಗ ದಿಂಬಿನ ಕವರು.

ಮೊಳಕಾಲ್ಮೂರು ರೇಷ್ಮೆ ಎರಡಿವೆ, ಮದುವೆಗೆ. ಅವು ಈ ಲೆಕ್ಕದಲ್ಲಿಲ್ಲ. ಕಳೆದ ವರ್ಷ ನನ್ನ ಬಟ್ಟೆ ಖರ್ಚು ಮೂರು ಸಾವಿರದ ಒಳಗೇ, ಮುಂಚೆ ಹದಿನೈದು ದಾಟ್ತಿತ್ತು.

ಮುಯ್ಯಿ ಸೀರೆಗಳ ಗಂಟು ಮಾತ್ರ ಇನ್ನೂ ಅಟ್ಟದ ಮೇಲಿದೆ. ಯಾರು ಕೊಟ್ಟದ್ದು ಯಾವುದು ಅಂತ ಮರೆತಿದ್ದೀನಿ. ಕೊಟ್ಟವರಿಗೇ ವಾಪಸ್ ಉಡಿಸಿಬಿಟ್ಟರೆ ಅನ್ನೋ ಭಯಕ್ಕೆ ಬಿಚ್ಚಿಲ್ಲ.