ಹಿತ್ತಲಲ್ಲಿ ಕೂರುವ ಜಾಗಕ್ಕೊಂದು ಮರದ ಪರ್ಗೋಲಾ

ಪರ್ಗೋಲಾ ಎಂದರೆ ಕಂಬಗಳ ಮೇಲೆ ತೊಲೆ, ಪಟ್ಟಿ ಜೋಡಿಸಿದ, ಮೇಲೆ ಸಂದಿ ಬಿಟ್ಟ ಚಪ್ಪರ. ಮರದ ಪರ್ಗೋಲಾ ಮೊದಲು ಕೊಳೆಯುವುದು ಕಂಬದ ಬುಡದಲ್ಲಿ. ನಮ್ಮ ಹಿತ್ತಲಲ್ಲಿ ಮೊದಲ ಸಲ ಗುಂಡಿ ತೋಡಿ ಕಂಬಗಳನ್ನು ನೇರವಾಗಿ ಮಣ್ಣಿಗೇ ನೆಟ್ಟು, ಸುತ್ತ ಕಾಂಕ್ರೀಟ್ ತುಂಬಿದ್ದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಕಂಬಕ್ಕೆ ಗೆದ್ದಲು ಹತ್ತಿ, ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿತನಕ ಒಳಗೆ ಹೋಗುತ್ತಿತ್ತು. ಮಲೆನಾಡಿನ ಹಳೆ ಮನೆಗಳ ಜಗಲಿ ಕಂಬ ನೋಡಿದ್ದೀರಲ್ವಾ? ಮರ ನೆಲಕ್ಕೆ ತಾಗದ ಹಾಗೆ ಅಡಿಯಲ್ಲಿ ಕಲ್ಲು ಇಟ್ಟಿರುತ್ತಾರೆ. ನಾವೂ ಅದನ್ನೇ ಮಾಡಬೇಕು.

ನಾಲ್ಕಾರು ಕುರ್ಚಿ, ಒಂದು ಟೇಬಲ್ ಹಿಡಿಯಲು 12 ಅಡಿಗೆ 9 ಅಡಿ ಜಾಗ ಸಾಕು. ಈ ಅಳತೆಯಲ್ಲಿ ಇನ್ನೊಂದು ಅನುಕೂಲ ಇದೆ. ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿದರೆ ಸರಿಯಾಗಿ 15 ಅಡಿ ಬರಬೇಕು. ಎರಡೂ ಕಡೆ 15 ಬಂದರೆ ಮೂಲೆ ನೇರ ಇದೆ ಎಂದರ್ಥ, ಬೇರೆ ಲೆಕ್ಕ ಬೇಡ.

ಗುಂಡಿ ತೋಡುವ ಮೊದಲು ದಿಕ್ಕು ನೋಡಿ, ಏಕೆಂದರೆ ನೆರಳೆಲ್ಲ ನಿಂತಿರುವುದು ಅದರ ಮೇಲೆ. ನಮ್ಮ ಕಡೆ ಬೇಸಿಗೆಯಲ್ಲಿ ಸೂರ್ಯ ಹೆಚ್ಚು ಕಡಿಮೆ ನೆತ್ತಿಯ ಮೇಲೇ ಹಾದು ಹೋಗುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲಿ ನಡು ಮಧ್ಯಾಹ್ನ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಮೇಲಿನ ಪಟ್ಟಿಗಳನ್ನು ಪೂರ್ವ-ಪಶ್ಚಿಮವಾಗಿ ಹಾಕಿದರೆ ಆ ದಿನಗಳಲ್ಲಿ ಬಿಸಿಲು ಸಂದಿಯ ಉದ್ದಕ್ಕೂ ಹರಿದು ಇಡೀ ದಿನ ತಲೆ ಮೇಲೆ ಬೀಳುತ್ತದೆ. ಹಾಗಾಗಿ ಪಟ್ಟಿಗಳು ಉತ್ತರ-ದಕ್ಷಿಣವಾಗಿ ಇರಲಿ, ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ. 4 ಇಂಚು ಎತ್ತರದ ಪಟ್ಟಿಯನ್ನು ಒಂದೊಂದು ಅಡಿಗೆ ಕೂರಿಸಿದರೆ ಸಂಜೆ 4 ಗಂಟೆ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ನೆರಳು ಸಿಗುತ್ತದೆ. ನಡು ಮಧ್ಯಾಹ್ನಕ್ಕೆ ಮಾತ್ರ ಬಳ್ಳಿಯೇ ಗತಿ.

ಈಗ ಮರ. ಸಾಗುವಾನಿ ಒಳ್ಳೆಯದೇ, ಆದರೆ ದುಬಾರಿ. ಹೊನ್ನೆ, ಮತ್ತಿ ಕೂಡ ಬಾಳುತ್ತವೆ. ನನಗೆ ಕೇಳಿದರೆ ಹಳೆ ಮನೆ ಕೆಡವಿದ ಮರ ಹುಡುಕಿ. ಅದು ಎಷ್ಟೋ ವರ್ಷ ಒಣಗಿರುತ್ತದೆ, ತಿರುಚಿಕೊಳ್ಳುವುದಿಲ್ಲ. ಸಾಮಿಲ್‌ನಲ್ಲಿ ಕೊಳ್ಳುವುದಾದರೆ ಹಸಿ ಮರ ಬೇಡ. ಬಿಳಿ ಭಾಗ ಇರುವ ತುಂಡನ್ನು ಪಕ್ಕಕ್ಕಿಡಿ, ಗೆದ್ದಲಿಗೆ ಅದೇ ಇಷ್ಟ, ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು, ಇರುವುದನ್ನೇ ಆರಿಸಿ. 4x4 ಇಂಚಿನ 8 ಅಡಿ ಕಂಬ ನಾಲ್ಕು, 6x2ರ 14 ಅಡಿ ತೊಲೆ ನಾಲ್ಕು, 4x2ರ 11 ಅಡಿ ಪಟ್ಟಿ ಹದಿಮೂರು, ಓರೆ ಆಸರೆಗೆ ಒಂದಿಷ್ಟು ತುಂಡು. ಒಟ್ಟು ಸುಮಾರು 17 ಸಿಎಫ್‌ಟಿ (ಘನ ಅಡಿ).

ಪ್ರತಿ ಕಂಬಕ್ಕೂ ಒಂದೂವರೆ ಅಡಿ ಚೌಕ, 2 ಅಡಿ ಆಳದ ಗುಂಡಿ. ವೆಲ್ಡಿಂಗ್ ಅಂಗಡಿಯಲ್ಲಿ 6 ಎಂಎಂ ಕಬ್ಬಿಣದ ಪಟ್ಟಿಯಿಂದ ಯು ಆಕಾರದ ಕ್ಲಾಂಪ್ ಮಾಡಿಸಿ, ಅಡಿಗೆ ದಪ್ಪ ಸರಳು ಬೆಸೆಸಿ, ರೆಡ್ ಆಕ್ಸೈಡ್ ಬಳಿಯಿರಿ. ಸರಳು ಕಾಂಕ್ರೀಟಿನೊಳಗೆ ಹೂತು, ಕ್ಲಾಂಪ್ ಅದರಿಂದ ಒಂದೂವರೆ ಇಂಚು ಮೇಲೆ ಎದ್ದು ನಿಲ್ಲಬೇಕು. ಮರದ ಅಡಿ ಗಾಳಿ ಆಡಲಿ. ಕಾಂಕ್ರೀಟಿನ ಮೇಲ್ಭಾಗವನ್ನು ಹೊರಕ್ಕೆ ಇಳಿಜಾರಾಗಿ ತೀಡಿ, ನೀರು ನಿಲ್ಲಬಾರದು. ಒಂದು ವಾರ ನೀರು ಹಾಕುತ್ತಾ ಬಿಡಿ, ಅವಸರ ಬೇಡ.

ಕಂಬ ನಿಲ್ಲಿಸುವ ದಿನ ಇಬ್ಬರು ಜೊತೆಗಿರಲಿ. ತೂಗುಗುಂಡು ಬಿಟ್ಟು ಎರಡು ಬದಿಯಿಂದಲೂ ನೋಡಿ, ತಾತ್ಕಾಲಿಕವಾಗಿ ಓರೆ ರೀಪು ಹೊಡೆದು ಭದ್ರ ಮಾಡಿ. ನೆಲ ಸಮ ಇರುವುದಿಲ್ಲ, ಹಾಗಾಗಿ ಗಾರೆಯವರು ಬಳಸುವ ನೀರಿನ ಟ್ಯೂಬ್ ಹಿಡಿದು ನಾಲ್ಕೂ ಕಂಬದ ತುದಿಗೆ ಒಂದೇ ಮಟ್ಟದಲ್ಲಿ ಗುರುತು ಹಾಕಿಕೊಂಡು, ಆಮೇಲೆ ಕೊಯ್ಯಿರಿ. ಕಂಬದ ತಲೆಯ ಎರಡೂ ಬದಿಯಲ್ಲಿ ಅರ್ಧ ಇಂಚು ಕಚ್ಚು ತೆಗೆದು, ಪೂರ್ವ-ಪಶ್ಚಿಮವಾಗಿ ಎರಡೆರಡು ತೊಲೆಯನ್ನು ಅದರಲ್ಲಿ ಕೂರಿಸಿ 12 ಎಂಎಂ ಬೋಲ್ಟ್ ಹಾಕಿ. ಭಾರ ಮರದ ಮೇಲೆ ಕೂತಿರುತ್ತದೆ, ಬೋಲ್ಟ್ ಹಿಡಿದುಕೊಂಡಿರುತ್ತದೆ ಅಷ್ಟೆ. ಬೋಲ್ಟ್ ಜಿಐ (ಸತು ಲೇಪಿಸಿದ ಕಬ್ಬಿಣ) ಆಗಿರಲಿ. ಸಾದಾ ಕಬ್ಬಿಣ ಮಳೆಯಲ್ಲಿ ನೆನೆದರೆ ಮರದ ಮೇಲೆ ಕಪ್ಪು ಕಲೆ ಇಳಿಯುತ್ತದೆ. ಕಂಬ ಮತ್ತು ತೊಲೆಯ ನಡುವೆ ಓರೆ ಆಸರೆ ಬಿಡಬೇಡಿ. ಅದಿಲ್ಲದಿದ್ದರೆ ಆಷಾಢದ ಗಾಳಿಗೆ ಇಡೀ ಪರ್ಗೋಲಾ ತೂಗಾಡುತ್ತದೆ.

ಬಣ್ಣದ ವಿಷಯದಲ್ಲಿ ವಾರ್ನಿಷ್ ಹೊಡೆಯಬೇಡಿ ಎನ್ನುವುದು ನನ್ನ ಮಾತು, ಬಿಸಿಲಿಗೆ ಸಿಪ್ಪೆ ಎದ್ದು ಬರುತ್ತದೆ. ಅಗಸೆ ಎಣ್ಣೆಗೆ ಟರ್ಪೆಂಟೈನ್ ಬೆರೆಸಿ ಎರಡು ಮೂರು ಸಲ ಉಣಿಸಿ, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಇನ್ನೊಂದು ಸಲ. ಕೊಯ್ದ ತುದಿಗಳಿಗೆ, ಕಂಬದ ಅಡಿಗೆ ಕರಾವಳಿಯವರು ಹಚ್ಚುವ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಸಿಕ್ಕರೆ ಹಚ್ಚಿ, ಕೂಡಿಸುವ ಮೊದಲೇ. ಕೈಗವಸು ಮಾತ್ರ ಮರೆಯಬೇಡಿ, ಚರ್ಮ ಸುಟ್ಟು ಗುಳ್ಳೆ ಏಳುತ್ತದೆ.

ಬಳ್ಳಿ ಹಬ್ಬಿಸಲು ಪಟ್ಟಿಗಳಿಗೆ ಅಡ್ಡವಾಗಿ ಜಿಐ ತಂತಿ ಎಳೆದರೆ ಸಾಕು. ಪ್ಯಾಶನ್ ಫ್ರೂಟ್ ಬೇಗ ಮುಚ್ಚುತ್ತದೆ, ಜಾಜಿ ನಿಧಾನ ಆದರೆ ಸಂಜೆ ಘಮ ಘಮ. ಬೋಗನ್‌ವಿಲ್ಲಾ ಚೆಂದ, ಆದರೆ ಕೂರುವ ಕಡೆ ಮುಳ್ಳು ಉದುರುತ್ತದೆ. ಬಳ್ಳಿಯನ್ನು ಕಂಬದಿಂದ ಒಂದು ಅಡಿ ದೂರ ನೆಡಿ, ಇಲ್ಲದಿದ್ದರೆ ದಿನಾ ಹಾಕುವ ನೀರು ಬುಡಕ್ಕೇ ಹೋಗುತ್ತದೆ. ಮೊದಲ ಬೇಸಿಗೆ ಮುಗಿದ ಮೇಲೆ ಸ್ಪ್ಯಾನರ್ ತಂದು ಎಲ್ಲ ಬೋಲ್ಟನ್ನೂ ಒಂದು ಸುತ್ತು ಬಿಗಿ ಮಾಡಿ, ಅಷ್ಟರಲ್ಲಿ ಮರ ಸ್ವಲ್ಪ ಕುಗ್ಗಿರುತ್ತದೆ.