ಐದು ಚೀಲ ಉಪ್ಪು, ಒಂದು ಹಾಳೆ

ಜೂನ್ ತಿಂಗಳ ಒಂದು ಬೆಳಗ್ಗೆ ಆರು ಗಂಟೆಗೆ ಹಾಲ್‌ನ ವಾಚ್‌ಮನ್ ಫೋನ್ ಮಾಡಿದರು. "ಸರ್, ನಿಮ್ಮ ಕಲೆ ಬಾಗಿಲಿಂದ ಹೊರಗೆ ಬರ್ತಾ ಉಂಟು."

ಪ್ರದರ್ಶನ ಶುರುವಾಗಿ ಮೂರು ದಿನ ಆಗಿತ್ತು. ಕಾರವಾರದಲ್ಲಿ ಆ ವಾರ ಬಿಡದೆ ಮಳೆ. ಹಾಲ್‌ನ ನೆಲದ ಮೇಲೆ ನಾನು ಹಾಸಿದ್ದು ಐದು ಚೀಲ ಕಲ್ಲುಪ್ಪು, ಚೀಲಕ್ಕೆ 50 ಕೆಜಿ. 9 ಅಡಿ ಅಗಲ, 11 ಅಡಿ ಉದ್ದ, ಒಂದು ಇಂಚು ದಪ್ಪ. ಅಷ್ಟೇ ಕಲಾಕೃತಿ. ಬಂದವರು ಚಪ್ಪಲಿ ಬಿಟ್ಟು ಅದರ ಮೇಲೆ ನಡೆಯಬಹುದಿತ್ತು.

ಹೋಗಿ ನೋಡಿದರೆ ಉಪ್ಪಿನ ಅಂಚೆಲ್ಲ ಕರಗಿ ಒಂದು ಸಣ್ಣ ತೊರೆ ಬಾಗಿಲ ಕಡೆ ಹೊರಟಿತ್ತು. ದಾರಿಯಲ್ಲಿ ಹಾಲ್‌ನವರ ಕಬ್ಬಿಣದ ಕುರ್ಚಿಗಳು. ಒಂದೊಂದು ಕಾಲಿನ ಕೆಳಗೂ ಟೈಲ್ಸ್ ಮೇಲೆ ಕೆಂಪು ತುಕ್ಕಿನ ಉಂಗುರ. ಠೇವಣಿ ದುಡ್ಡು ವಾಪಸ್ ಬರಲಿಲ್ಲ. ಕೇಳುವ ಮುಖವೂ ನನಗಿರಲಿಲ್ಲ ಬಿಡಿ.

ಆ ಅಳತೆ ಎಲ್ಲಿಂದ ಬಂತು ಅಂತ ಹೇಳಬೇಕು. ಕಾರವಾರದ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಊರುಗಳಲ್ಲಿ ನನ್ನ ಆಯಿಯ, ಅಂದರೆ ಅಮ್ಮನ, ತವರೂ ಒಂದು. ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ನೆಲೆ ಕೆಲಸ ಶುರುಮಾಡಿತು. ನಡುವೆ ಎಲ್ಲೋ ಆ ಮನೆ ಹೋಯಿತು. ಫೋಟೋ ಒಂದೂ ಇಲ್ಲ. ಒಂದು ದಿನ ಆಯಿಯನ್ನು ಕೇಳಿದೆ, ನಿಮ್ಮ ನಡುಕೋಣೆ ಎಷ್ಟು ದೊಡ್ಡದಿತ್ತು ಅಂತ. ಆಯಿ ಮಾತಾಡಲಿಲ್ಲ. ಅಂಗಳಕ್ಕೆ ಇಳಿದು ನಡೆದು ತೋರಿಸಿದಳು. ಇಲ್ಲಿಂದ ಇಲ್ಲಿಗೆ, ಇಲ್ಲಿ ತಿರುಗಿದರೆ ದೇವರ ಗೂಡು, ಇಲ್ಲಿ ಕಿಟಕಿ. ಅವಳ ಹಿಂದೆ ಹಿಂದೆ ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಟೇಪ್ ಹಿಡಿದಾಗ 9 ಬೈ 11 ಬಂತು.

ಉಪ್ಪು ಯಾಕೆ ಅಂದರೆ, ಆ ಮನೆಯ ಬಗ್ಗೆ ಆಯಿ ಹೇಳುವ ಮೊದಲ ಮಾತೇ ಉಪ್ಪಿನ ಮರಿಗೆ. ಮರದ ಪಾತ್ರೆ. ಮಳೆಗಾಲದಲ್ಲಿ ಅದರಿಂದ ನೀರು ತೊಟ್ಟಿಕ್ಕುತ್ತಿತ್ತಂತೆ, ಕೆಳಗೊಂದು ತೆಂಗಿನ ಗರಟೆ ಇಡುತ್ತಿದ್ದರಂತೆ.

ಮೈಸೂರಿನ ಕಾವಾ ಕಲಾಶಾಲೆಯಲ್ಲಿ ನಾನು ಕಲಿತದ್ದು ಪೇಂಟಿಂಗ್. ಇಂಥ ಕೆಲಸದ ಕಡೆ ತಿರುಗಿದ್ದು 2012ರ ಕೊನೆಯಲ್ಲಿ, ಮೊದಲ ಕೊಚ್ಚಿ ಬಿನಾಲೆ ಅನ್ನುವ ದೊಡ್ಡ ಕಲಾಪ್ರದರ್ಶನ ನೋಡಲು ಹೋದಾಗ. ಅಲ್ಲಿ ಕಲಾವಿದರಾದ ಶೀಲಾ ಗೌಡ ಮತ್ತು ಕ್ರಿಸ್ಟೋಫ್ ಸ್ಟೋರ್ಜ್ ಬೆಂಗಳೂರಿನಿಂದ ಒರಳುಕಲ್ಲುಗಳನ್ನು ತಂದು ಇಟ್ಟಿದ್ದರು. ನೂರಕ್ಕೂ ಜಾಸ್ತಿ. ಮಿಕ್ಸಿ ಬಂದ ಮೇಲೆ ಮನೆಯಿಂದ ಹೊರಬಿದ್ದ ಕಲ್ಲುಗಳು. ಯಾರೂ ಏನನ್ನೂ ಕೆತ್ತಿರಲಿಲ್ಲ, ಬಳಿದಿರಲಿಲ್ಲ. ನಾನು ಅರ್ಧ ಗಂಟೆ ಅಲ್ಲೇ ನಿಂತೆ. ಕ್ಯಾನ್ವಾಸ್ ಮುಂದೆ ಅಷ್ಟು ಹೊತ್ತು ನಿಂತದ್ದು ನನಗೆ ನೆನಪಿಲ್ಲ.

ನಿಂತು ನೋಡುವುದು ಸುಲಭ, ಅದರಲ್ಲೇ ಹೊಟ್ಟೆ ಹೊರೆಯುವುದು ಬೇರೆ. ಚೌತಿ ಹೊತ್ತಿಗೆ ಗಣಪತಿಗೆ ಬಣ್ಣ, ಮದುವೆ ಸೀಸನ್‌ನಲ್ಲಿ ಮಂಟಪದ ಥರ್ಮಾಕೋಲ್, ಮಧ್ಯೆ ಶಾಲೆಗಳಲ್ಲಿ ಡ್ರಾಯಿಂಗ್ ಕ್ಲಾಸು. ಈಗಲೂ ಅರ್ಧ ವರ್ಷ ಹೀಗೇ ಹೋಗುತ್ತದೆ. ಉಳಿದ ಅರ್ಧ ಅರ್ಜಿ ಬರೆಯುವುದರಲ್ಲಿ.

ಅರ್ಜಿ ಬರೆಯುವುದು ನನಗೆ ಬರುತ್ತಿರಲಿಲ್ಲ. ಉಪ್ಪಿನ ಕೆಲಸಕ್ಕೆ ಅನುದಾನ ಕೇಳಿ ಬರೆದ ಮೊದಲ ಅರ್ಜಿಯಲ್ಲಿ 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹವನ್ನೂ ತುರುಕಿದ್ದೆ. ಆಯಿಯ ಕೋಣೆಗೂ ಅದಕ್ಕೂ ಏನು ಸಂಬಂಧ? ಏನೂ ಇಲ್ಲ. ಅರ್ಜಿ ತೂಕವಾಗಿ ಕಾಣಲಿ ಅಂತ, ಅಷ್ಟೆ. ಅವರು ಬೇಡ ಅಂದರು. ಈಗ ಓದಿದರೆ ನಾನೂ ಬೇಡ ಅನ್ನುತ್ತಿದ್ದೆ. ಎರಡನೇ ಸಲ ಬರೀ ಅಂಗಳದ ಕಥೆ ಬರೆದೆ, ಒಂದು ಪುಟ. ಜೊತೆಗೆ ಖರ್ಚಿನ ಪಟ್ಟಿ: ಉಪ್ಪು, ಟೆಂಪೋ ಬಾಡಿಗೆ, ಇಬ್ಬರು ಕೆಲಸದವರು. ಹೊಸಬರಿಗೆ ಒಂದು ಮಾತು, ಪಟ್ಟಿಯಲ್ಲಿ ನಿಮ್ಮ ಕೂಲಿಯನ್ನೂ ಹಾಕಿ. ನಾನು ಮೊದಲ ಐದು ವರ್ಷ ಹಾಕಲೇ ಇಲ್ಲ.

ಎರಡನೇ ಅರ್ಜಿಗೆ ಸಿಕ್ಕ ದುಡ್ಡಿನಲ್ಲೇ ಮೊದಲು ಬೆಂಗಳೂರಿನಲ್ಲಿ, ಏಪ್ರಿಲ್‌ನಲ್ಲಿ ಹಾಸಿದ್ದೆ. ಕರಗುತ್ತದೆ, ಕೋಣೆ ನಿಧಾನ ಕಾಣೆಯಾಗುತ್ತದೆ ಅಂತ ಎಲ್ಲರಿಗೂ ಹೇಳಿಯೂ ಬಿಟ್ಟಿದ್ದೆ. ಹದಿನೈದು ದಿನವಾದರೂ ಒಂದು ಹನಿ ಇಲ್ಲ. ಬದಲಿಗೆ ಹಪ್ಪಳದ ಹಾಗೆ ಗಟ್ಟಿಯಾಗಿ ಕೂತಿತು. ನಡೆದರೆ ಚರಚರ. ಕಾರವಾರದಲ್ಲಿ ನೋಡಿದರೆ ಉಪ್ಪು ಬಾಗಿಲು ದಾಟಿತು!

ತಲೆ ಕೆಟ್ಟು ಸಾಣಿಕಟ್ಟಾಕ್ಕೆ ಹೋದೆ. ಗೋಕರ್ಣದ ಹತ್ತಿರ, ಅಘನಾಶಿನಿಯ ಉಪ್ಪುನೀರು ಕಟ್ಟಿ ಉಪ್ಪು ತೆಗೆಯುವ ಆಗರ. ನನ್ನ ಉಪ್ಪೂ ಅಲ್ಲಿಂದಲೇ ಬಂದದ್ದು. ಆಗರದಲ್ಲಿ ಆಯುಷ್ಯ ಕಳೆದ ಅಜ್ಜ ಒಬ್ಬರು ನನ್ನ ಕಥೆಯನ್ನೆಲ್ಲ ಕೇಳಿ ನಕ್ಕರು.

"ಹೊಸ ಉಪ್ಪಾ ತಮಾ ನೀ ಹಾಕಿದ್ದು?"

"ಹೌದು ಅಜ್ಜ, ಅದೇ ವರ್ಷದ್ದು."

"ಮತ್ತೆಂತ! ಹೊಸ ಉಪ್ಪು ನೀರು ಬಿಡ್ತದೆ. ರಾಶಿ ಹಾಕಿ, ತೆಂಗಿನ ಮಡ್ಲು ಹೊದೆಸಿ, ಒಂದು ಮಳೆಗಾಲ ಕಳೀಬೇಕು. ಆಮೇಲೆ ಅದು ಹೇಳಿದ ಮಾತು ಕೇಳ್ತದೆ."

ಆಮೇಲೆ ಓದಿ ತಿಳಿದುಕೊಂಡೆ. ಶುದ್ಧ ಉಪ್ಪು ಗಾಳಿಯ ತೇವಾಂಶ ಶೇ. 75 ದಾಟಿದರೆ ನೀರು ಎಳೆದುಕೊಂಡು ಕರಗುತ್ತದೆ. ಆಗರದ ಹೊಸ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ, ಅದಕ್ಕೆ ಶೇ. 33 ಸಾಕು. ರಾಶಿ ಹಾಕಿಟ್ಟರೆ ಆ ಕಹಿ ನೀರು ಇಳಿದುಹೋಗುತ್ತದೆ. ನಮ್ಮ ಕರಾವಳಿಯ ಜೂನ್ ಗಾಳಿಯಲ್ಲಿ ಹಳೆಯದೂ ಉಳಿಯುವುದು ಕಷ್ಟ, ಹೊಸತಂತೂ ಮುಗಿದೇ ಹೋಯಿತು. ಬೆಂಗಳೂರಿನ ಏಪ್ರಿಲ್‌ಗೆ ಇನ್ನೂ ಹಸಿಯಾಗಿದ್ದ ಉಪ್ಪು ಬೇಕಿತ್ತು. ನಾನು ಒಯ್ದದ್ದು ಅಂಗಡಿಯ ಹಿಂದಿನ ವರ್ಷದ ಮೂಟೆ.

ಆ ರಾತ್ರಿ ಮನೆಗೆ ಬಂದು ಒಂದು ಹಾಳೆಯಲ್ಲಿ ಬರೆದೆ. ಉಪ್ಪು ಆಗರದಿಂದ ನೇರ ಬಂದದ್ದಿರಬೇಕು, ಅದೇ ವರ್ಷದ್ದು. ಅಳತೆ ಇಷ್ಟು, ದಪ್ಪ ಇಷ್ಟು. ನೀರು ಹೊರಟರೆ ತಡೆಯಬಾರದು, ಒರೆಸಬಾರದು. ಹತ್ತಿರ ಕಬ್ಬಿಣದ ಕುರ್ಚಿ ಇಡಬಾರದು. ಮುಗಿದ ಮೇಲೆ ಉಳಿದ ಉಪ್ಪನ್ನು ತೆಂಗಿನ ಬುಡಕ್ಕೆ ಹಾಕಬೇಕು. ಜೊತೆಗೆ ಕೋಣೆಯ ಒಂದು ನಕ್ಷೆ.

ನಾನು ಮಾರುವುದು ಈ ಹಾಳೆಯನ್ನು. ಮನೆಯಲ್ಲಿ ಇದನ್ನು ಒಪ್ಪಿಸಲು ತುಂಬಾ ದಿನ ಹಿಡಿಯಿತು. ಅಮೆರಿಕದ ಕಲಾವಿದ ಸೋಲ್ ಲೆವಿಟ್ ಗೋಡೆಚಿತ್ರಗಳನ್ನು ಹೀಗೇ ಸೂಚನೆ ಬರೆದು, ಪ್ರಮಾಣಪತ್ರ ಕೊಟ್ಟು ಮಾರುತ್ತಿದ್ದರು, ಬಿಡಿಸುತ್ತಿದ್ದವರು ಬೇರೆಯವರು, ಅಂತ ಹೆಂಡತಿಗೆ ವಿವರಿಸಿದೆ. ಅವಳು ಅಡುಗೆಮನೆಯಿಂದ ಅವಳ ಅತ್ತೆಯ ಹಳೇ ನೋಟ್‌ಬುಕ್ ತಂದಳು. ಪುಟದ ತುಂಬ ರಂಗೋಲಿ, ಪಕ್ಕದಲ್ಲಿ "15ರಿಂದ 1, ಸಾಲು ಚುಕ್ಕಿ". "ಇದಾ ನೀವು ಹೇಳೋದು? ಇದನ್ನ ಅತ್ತೆ ಯಾರಿಗೂ ಮಾರಿಲ್ಲ, ಸುಮ್ನೆ ಕೊಟ್ಟಿದ್ದು." ನನ್ನ ಹತ್ತಿರ ಉತ್ತರ ಇರಲಿಲ್ಲ. ಲೆವಿಟ್ ಬಗ್ಗೆ ಓದಿದ್ದಕ್ಕಿಂತ ಜಾಸ್ತಿ ನನಗೆ ಅರ್ಥವಾದದ್ದು ಆ ನೋಟ್‌ಬುಕ್‌ನಿಂದ. ಬೆಳಗ್ಗೆ ಹಾಕಿದ್ದು ಮರುದಿನ ಗುಡಿಸಿ ಹೋಗುತ್ತದೆ, ಪುಟ ಇರುತ್ತದೆ.

ಹಾಳೆಯನ್ನು ಕೊನೆಗೂ ಒಬ್ಬರು ಕೊಂಡರು. ಚಿತ್ರ ಸಂಗ್ರಹಿಸುವವರು, ಬೆಂಗಳೂರಿನವರು. ಎಷ್ಟಕ್ಕೆ ಅಂತ ಬರೆಯುವುದಿಲ್ಲ, ಒಂದು ವರ್ಷ ಥರ್ಮಾಕೋಲ್ ಮುಟ್ಟಲಿಲ್ಲ ಅನ್ನಬಹುದು. ಅಂದಹಾಗೆ ಆ ತುಕ್ಕಿನ ಉಂಗುರಗಳನ್ನು ಒರೆಸುವ ಮೊದಲು ನಾನು ಮಲ್ಲು ಬಟ್ಟೆಯ ಮೇಲೆ ಅಚ್ಚು ತೆಗೆದುಕೊಂಡಿದ್ದೆ. ಅದು ಬೇರೆಯೇ ಕೆಲಸ ಆಯಿತು.

ಕಳೆದ ಸಲ ಕುಮಟಾದಲ್ಲಿ ಹಾಸಿದಾಗ ಆಯಿಯನ್ನು ಕರೆದುಕೊಂಡು ಹೋದೆ. ಅಲ್ಲಿವರೆಗೆ ಅವಳು ನೋಡಿರಲೇ ಇಲ್ಲ, ಮಂಡಿನೋವು. ಉಪ್ಪಿನ ಅಂಚಿಗೆ ಬಂದು ನಿಂತಳು. ಚಪ್ಪಲಿ ಬಿಟ್ಟಳು. ಒಳಗೆ ಕಾಲಿಡದೆ ಗೋಡೆಗುಂಟ ಒಂದು ಸುತ್ತು ಬಂದು ಆ ಬದಿಯಲ್ಲಿ ನಿಂತಳು.

"ಬಾಗಿಲು ಈ ಕಡೆ ಇತ್ತಲ್ಲೋ."

"ಆವತ್ತು ಅಂಗಳದಲ್ಲಿ ನೀನು ಆ ಕಡೆ ತೋರಿಸಿದ್ದೆ ಆಯಿ."

"ಅಂಗಳದಲ್ಲಿ ಬಿಸಿಲು ಇತ್ತು, ನೆರಳಿದ್ದ ಕಡೆಯಿಂದ ಶುರುಮಾಡಿದ್ದೆ."

ಅವಳು ಹೇಳಿದ ಬದಿಯಿಂದಲೇ ಒಳಗೆ ಹೋದಳು. ನಕ್ಷೆ ಬದಲಾಯಿಸಿದ್ದೇನೆ. ಬೆಂಗಳೂರಿನವರ ಹತ್ತಿರ ಇರುವ ಹಾಳೆಯಲ್ಲಿ ಬಾಗಿಲು ಇನ್ನೂ ತಪ್ಪು ಕಡೆಯೇ ಇದೆ. ಹೊಸದನ್ನು ಕವರ್‌ಗೆ ಹಾಕಿಟ್ಟಿದ್ದೇನೆ, ಈ ವಾರ ಪೋಸ್ಟ್ ಮಾಡಬೇಕು.